ಲಾಠಿಯ ಪದವಿಯೋ, ನ್ಯಾಯದ ಪದವಿಯೋ?

ಸಾಗರದ ಅಕ್ಕಿಮಿಲ್ಲೊಂದರಲ್ಲಿ ಮೂಟೆ ಹೊರುವ ನಮ್ಮ ಸಂಗಾತಿಯೊಬ್ಬರು ಕಳೆದ ವಾರ ಕಚೇರಿಗೆ ಬಂದರು. ಚಂದಾ ಕೊಡುವುದಕ್ಕಲ್ಲ, ಸಭೆಯ ಸುದ್ದಿ ಕೇಳುವುದಕ್ಕೂ ಅಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯಾದ ಬಣ್ಣದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರವಿದರು. ಮೇಲೆ ಖಾಕಿ ಉಡುಪಿನ ಹುಡುಗಿಯೊಬ್ಬಳ ಚಿತ್ರ. ಕೆಳಗೆ ಎರಡು ವರ್ಷದ ಸ್ನಾತಕೋತ್ತರ ಪದವಿಯ ವಿವರ. ಪೋಲೀಸ್ ಆಡಳಿತ, ಸಾರ್ವಜನಿಕ ಸುರಕ್ಷತೆ, ಉಜ್ವಲ ಭವಿಷ್ಯ ಎಂಬ ಮಾತುಗಳು ದಪ್ಪ ಅಕ್ಷರಗಳಲ್ಲಿದ್ದವು. ಫೀಜಿನ ಮೊತ್ತ ಮಾತ್ರ ಸಣ್ಣ ಅಕ್ಷರದಲ್ಲಿತ್ತು.

“ಸ್ವಾಮಿ, ಮಗಳು ಬಿ.ಎ. ಪಾಸು ಮಾಡಿದ್ದಾಳೆ. ಇದನ್ನು ಓದಿದರೆ ಎಸ್ಸೈ ಆಗುತ್ತಾಳೆ ಅಂತ ಏಜಂಟು ಹೇಳಿ ಹೋದ. ಹೆಂಡತಿಯ ಸರ ಸೊಸೈಟಿಯಲ್ಲಿ ಅಡವಿಟ್ಟರೆ ಮೊದಲ ವರ್ಷದ ದುಡ್ಡು ಆಗುತ್ತದೆ. ಇಡಲೋ, ಬೇಡವೋ?” ಎಂದು ಅವರು ಕೇಳಿದರು.

ಇದು ಒಬ್ಬರ ಪ್ರಶ್ನೆಯಲ್ಲ. ಹೊಸನಗರದ ಕಿರಾಣಿ ಅಂಗಡಿಯವರು, ತೀರ್ಥಹಳ್ಳಿಯ ಬಟ್ಟೆ ವ್ಯಾಪಾರಿಗಳು, ಸಾಮಿಲ್ಲಿನ ಕೆಲಸಗಾರರು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ನಮ್ಮಲ್ಲಿ ಕೇಳಿದ್ದಾರೆ. ಮಲೆನಾಡಿನ ಹುಡುಗ ಹುಡುಗಿಯರು ಪದವಿ ಮುಗಿಸಿ ಕುಳಿತಿದ್ದಾರೆ. ಭದ್ರಾವತಿಯ ಕಾಗದದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಅದೇ ಭದ್ರಾವತಿಯಲ್ಲಿ 2021ರ ಜನವರಿಯಲ್ಲಿ ಕೇಂದ್ರದ ಕ್ಷಿಪ್ರ ಕಾರ್ಯಪಡೆಯ ತುಕಡಿಗೆ ಅಡಿಗಲ್ಲು ಬಿತ್ತು. ಶಿವಮೊಗ್ಗೆಯ ರಾಗಿಗುಡ್ಡದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಶಾಖೆ ತೆರೆಯಿತು. ಗಿರಣಿಯ ಸೀಟಿ ನಿಂತ ಜಿಲ್ಲೆಯಲ್ಲಿ ಖಾಕಿಯೇ ಉದ್ಯೋಗದ ಬಣ್ಣವಾಗಿ ಕಂಡರೆ ಅದು ಯುವಕರ ತಪ್ಪಲ್ಲ. ಆದುದರಿಂದ ಈ ಪ್ರಶ್ನೆಗೆ ಉಡಾಫೆಯ ಉತ್ತರ ಸಲ್ಲದು.

ಮೊದಲು ಲೆಕ್ಕ

ಮೊದಲನೆಯದಾಗಿ ದುಡ್ಡಿನ ಲೆಕ್ಕ. ಕರ್ನಾಟಕದಲ್ಲಿ ಪೋಲೀಸ್ ಸಬ್‌ಇನ್ಸ್‌ಪೆಕ್ಟರ್ ಹುದ್ದೆಗೆ ಬೇಕಾದದ್ದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದಾದರೂ ಒಂದು ಪದವಿ. ಬಿ.ಎ. ಆಗಬಹುದು, ಬಿ.ಕಾಂ. ಆಗಬಹುದು. ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ. ಸಾಕು. ಅದರ ಮೇಲೆ ದೇಹದಾರ್ಢ್ಯದ ಪರೀಕ್ಷೆ, ಲಿಖಿತ ಪರೀಕ್ಷೆ. ಲಿಖಿತ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಪ್ರಬಂಧ, ಭಾಷಾಂತರ, ಸಾರಾಂಶ ಲೇಖನ. ಇನ್ನೊಂದರಲ್ಲಿ ಸಾಮಾನ್ಯ ಜ್ಞಾನ. ಪೋಲೀಸ್ ವಿಷಯದಲ್ಲಿ ಎಂ.ಎ. ಮಾಡಿದವಳಿಗೂ ಇತಿಹಾಸದಲ್ಲಿ ಬಿ.ಎ. ಮಾಡಿದವಳಿಗೂ ಕೊಡುವುದು ಒಂದೇ ಪ್ರಶ್ನೆಪತ್ರಿಕೆ. ಮೇಲಾಗಿ ಆ ಹುದ್ದೆಗೆ ವಯಸ್ಸಿನ ಮಿತಿಯುಂಟು. ಓದಿನಲ್ಲಿ ಕಳೆದ ಎರಡು ವರ್ಷ ಆ ಮಿತಿಯಿಂದಲೇ ಕಳೆಯುತ್ತದೆ. ಎಸ್ಸೈ ಆಗುವುದಕ್ಕೆ ಈ ಪದವಿ ಬೇಕೇ ಬೇಕು ಎಂದು ಯಾವ ಏಜಂಟು ಹೇಳಿದರೂ ಅದು ಶುದ್ಧ ಸುಳ್ಳು.

ಎರಡನೆಯದು ಮಾನ್ಯತೆ. ನಮ್ಮದೇ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೆ ಇದ್ದ ಮಾನ್ಯತೆಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2013-14ನೆಯ ಸಾಲಿನಿಂದ ನಿರಾಕರಿಸಿತು. ಅದು ಮತ್ತೆ ದೊರೆತದ್ದು 2018ರಲ್ಲಿ. ಸರಕಾರದ ಮುದ್ರೆಯಿದ್ದ ಸಂಸ್ಥೆಯ ಗತಿಯೇ ಹೀಗಾಗಿ, ಫೀಜು ಕಟ್ಟಿದ ವಿದ್ಯಾರ್ಥಿಗಳು ನಡುನೀರಿನಲ್ಲಿ ನಿಂತರು. ಹೀಗಿರುವಲ್ಲಿ ಯಾವುದೋ ಊರಿನ, ಯಾವುದೋ ಹೆಸರಿನ ವಿಶ್ವವಿದ್ಯಾಲಯದ ಬಣ್ಣದ ಕಾಗದವನ್ನು ನಂಬಿ ಸರ ಅಡವಿಡುವುದೆಂದರೆ ಏನು? ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ. ಊರಿನ ಕಾಲೇಜಿನ ಅಧ್ಯಾಪಕರೊಬ್ಬರನ್ನು ಹಿಡಿದು ಆ ಪಟ್ಟಿ ನೋಡಿಸಿಕೊಳ್ಳಿ. ದೂರಶಿಕ್ಷಣವಾದರೆ ಆ ವರ್ಷಕ್ಕೆ, ಆ ಪಠ್ಯಕ್ಕೆ ಅನುಮತಿ ಇದೆಯೇ ಎಂಬುದನ್ನೂ ಕೇಳಿ. ಹಾಸ್ಟೆಲು, ಉಡುಪು, ಪರೀಕ್ಷೆ, ಪ್ರವಾಸ ಎಲ್ಲ ಸೇರಿ ಎಷ್ಟು ಎಂದು ಬರಹದಲ್ಲಿ ಪಡೆಯಿರಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಗಳ ತಾಲ್ಲೂಕು ಕಚೇರಿಗೆ ಹೋಗಿ ಆ ಸಂಸ್ಥೆಗೆ ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ವಿಚಾರಿಸಿ. ಅಂಗಡಿಗೆ ಒಂದು ಚೀಲ ಬೆಲ್ಲ ತರುವಾಗ ಮುಟ್ಟಿ, ಮೂಸಿ, ತೂಗಿ ತರುವ ನಾವು ಮಕ್ಕಳ ಓದನ್ನು ಮಾತ್ರ ಚಿತ್ರ ನೋಡಿ ಕೊಳ್ಳಬಾರದು.

ಪರೀಕ್ಷೆಯನ್ನೇ ಮಾರಿದರು

ಹಾಗಾದರೆ ಓದು ಬೇಡ, ಪರೀಕ್ಷೆ ಬರೆದರೆ ಸಾಕು ಎನ್ನುವಿರಾ? ಆ ಪರೀಕ್ಷೆಯ ಕಥೆಯನ್ನೂ ಜ್ಞಾಪಿಸಿಕೊಳ್ಳೋಣ. 2021ರ ಅಕ್ಟೋಬರ್ 3ರಂದು 545 ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಮಿಕ್ಕಿ ಮಕ್ಕಳು ಬರೆದರು. ಖಾಲಿ ಬಿಟ್ಟ ಉತ್ತರದ ಹಾಳೆಗಳನ್ನು ಆಮೇಲೆ ತುಂಬಿದ ಆರೋಪ ಎದ್ದಿತು. ಕಲಬುರಗಿಯ ಒಂದು ಕೇಂದ್ರದಿಂದ ಹಿಡಿದ ಎಳೆ ಬೆಂಗಳೂರಿನವರೆಗೆ ಹೋಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೋಲೀಸ್ ಅಧಿಕಾರಿಯೇ 2022ರ ಜುಲೈಯಲ್ಲಿ ಬಂಧಿತರಾದರು. ಆಗ ಗೃಹಖಾತೆ ಇದ್ದುದು ನಮ್ಮ ತೀರ್ಥಹಳ್ಳಿಯ ಶಾಸಕರ ಕೈಯಲ್ಲಿ. 2022ರ ಏಪ್ರಿಲ್ 29ರಂದು ಪರೀಕ್ಷೆಯನ್ನು ರದ್ದು ಮಾಡಿದುದಾಗಿ ಪ್ರಕಟಿಸಿದವರೂ ಅವರೇ. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಓದಿದವನೂ ಕಾದ, ಕದ್ದವನೂ ಕಾದ. ಆದರೆ ಅಪ್ಪ ಹಮಾಲಿಯಾಗಿದ್ದವನ ಎರಡು ವರ್ಷವೂ, ಸಾಹುಕಾರನ ಮಗನ ಎರಡು ವರ್ಷವೂ ಒಂದೇ ತೂಕದವಲ್ಲ.

ಈ ಪ್ರಸಂಗವನ್ನು ಇಲ್ಲಿ ಹೇಳಲು ಕಾರಣವುಂಟು. ಲಕ್ಷಗಟ್ಟಲೆ ಕೊಟ್ಟು ಹುದ್ದೆ ಕೊಂಡವನು ಠಾಣೆಯ ಕುರ್ಚಿಯಲ್ಲಿ ಕುಳಿತ ಮೇಲೆ ಆ ದುಡ್ಡನ್ನು ಎಲ್ಲಿಂದ ತೆಗೆಯುತ್ತಾನೆ? ಸಂತೆಯಲ್ಲಿ ತಳ್ಳುಗಾಡಿ ನಿಲ್ಲಿಸಿದವನಿಂದ, ಲಾರಿ ತಡೆದು ಚಾಲಕನಿಂದ, ದೂರು ಕೊಡಲು ಬಂದ ಹೆಂಗಸಿನಿಂದ. ನೇಮಕಾತಿಯ ಭ್ರಷ್ಟಾಚಾರವನ್ನು ಪರೀಕ್ಷೆ ಬರೆದವರ ಗೋಳೆಂದು ಬಿಟ್ಟುಬಿಡುವಂತಿಲ್ಲ. ಅದು ಸಣ್ಣ ವ್ಯಾಪಾರಿಯ ಮೇಲೆ ಬೀಳುವ ಮರೆಯ ತೆರಿಗೆ. ಆದುದರಿಂದ ಮಕ್ಕಳಿಗೆ ಯಾವ ಪದವಿ ಎಂದು ಕೇಳುವ ತಂದೆ ತಾಯಂದಿರು, ಪರೀಕ್ಷೆ ಶುದ್ಧವಾಗಿ ನಡೆಯಲಿ ಎಂದು ಕೇಳುವ ಹಕ್ಕನ್ನೂ ಬಿಟ್ಟುಕೊಡಬಾರದು.

ಕಾಗೋಡಿನ ಪಾಠ

ಇನ್ನು ಓದಿನ ಒಳಗಣ ವಿಚಾರಕ್ಕೆ ಬರೋಣ. ಪೋಲೀಸ್ ವಿದ್ಯೆ ಎಂದರೇನು ಎಂಬುದನ್ನು ನಮ್ಮ ಈ ಮೂರು ತಾಲ್ಲೂಕಿನ ಜನರಿಗೆ ಹೊರಗಿನ ಪಂಡಿತರು ಬಂದು ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಅದನ್ನು ಮೈಮೇಲೆ ಬರೆಸಿಕೊಂಡವರು.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹುಟ್ಟಿದ ಅಸಮಾಧಾನ, ಉಳುವವನಿಗೇ ಭೂಮಿ ಎಂಬ ಕೂಗಾಗಿ ಬೆಳೆಯಿತು. ಹೆಚ್. ಗಣಪತಿಯಪ್ಪನವರು ಸಂಘ ಕಟ್ಟಿದರು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ಹೆಗಲು ಕೊಟ್ಟರು. ಜನ ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗಿಳಿದರು. ತಂಡ ತಂಡವಾಗಿ ಬಂಧಿತರಾದರು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಬಂದರು. ಅವರನ್ನೂ ಸಾಗರದಲ್ಲಿ ಬಂಧಿಸಲಾಯಿತು.

ಆ ದಿನ ಗದ್ದೆಗಿಳಿದವನು ಕಾನೂನಿನ ಕಣ್ಣಿನಲ್ಲಿ ಅಪರಾಧಿ. ಹಿಡಿದೊಯ್ದ ಪೋಲೀಸನು ಕಾನೂನಿನ ಪಾಲಕ. ಆದರೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಅದೇ ಗೇಣಿದಾರ ಅದೇ ಗದ್ದೆಯ ಒಡೆಯನಾಗುವ ದಾರಿ ತೆರೆಯಿತು. ಮನುಷ್ಯನೂ ಅವನೇ, ನೆಲವೂ ಅದೇ, ನೇಗಿಲೂ ಅದೇ. ಬದಲಾದದ್ದು ಕಾನೂನು. 1951ರಲ್ಲಿ ಲಾಠಿ ಹಿಡಿದ ಪೇದೆಯೂ ಬಹುಮಟ್ಟಿಗೆ ಯಾವನೋ ಬಡ ರೈತನ ಮಗನೇ ಆಗಿದ್ದಿರಬೇಕು. ಅವನಿಗೆ ಕವಾಯತು ಕಲಿಸಿದ್ದರು; ಎದುರಿಗೆ ನಿಂತವನು ಏಕೆ ನಿಂತಿದ್ದಾನೆಂಬುದನ್ನು ಕಲಿಸಿರಲಿಲ್ಲ.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಕಾನೂನನ್ನು ಜಾರಿ ಮಾಡುವುದನ್ನಷ್ಟೇ ಕಲಿಸುವ ಓದು ಅರ್ಧ ಓದು. ಕಾನೂನು ಯಾರಿಂದ ಹುಟ್ಟುತ್ತದೆ, ಯಾರನ್ನು ಕಾಯುತ್ತದೆ, ಜಾರಿ ಮಾಡುವವನನ್ನೇ ಅದು ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ಕಲಿಸಿದರೆ ಅದು ಪೂರ್ತಿ ಓದು. ಪದವಿಯನ್ನು ಆರಿಸುವಾಗ ಇದೇ ನಮ್ಮ ಕೊಳಗವಾಗಬೇಕು.

ನಮ್ಮವರ ಅಧಿಕಾರದಲ್ಲಿಯೂ ಈ ಅಳತೆ ಬದಲಾಗಬಾರದು. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪ್ರಜಾ ಸಮಾಜವಾದಿ ಪಕ್ಷದ್ದೇ ಮಂತ್ರಿಮಂಡಲವಿತ್ತು. ಪೋಲೀಸರು ಜನರ ಮೇಲೆ ಗುಂಡು ಹಾರಿಸಿದರು. ಆಗ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ, ತಾವು ಜೈಲಿನಲ್ಲಿದ್ದರೂ, ತಮ್ಮ ಪಕ್ಷದ ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕೆಂದು ಕೇಳಿದರು. ಮಂತ್ರಿಮಂಡಲ ಒಪ್ಪಲಿಲ್ಲ, ಪಕ್ಷ ಒಡೆಯುವ ದಾರಿಗೆ ಬಿತ್ತು. ಆದರೂ ಅವರು ಕೇಳಿದ್ದು ಸರಿಯೆಂಬುದೇ ನಮ್ಮ ಅಭಿಪ್ರಾಯ.

ಪದವಿಯೊಂದೇ ಸಾಲದು

ಓದಿದ ಪೋಲೀಸನು ತಾನಾಗಿಯೇ ಒಳ್ಳೆಯ ಪೋಲೀಸನಾಗುತ್ತಾನೆಂಬ ಭ್ರಮೆಯೂ ಬೇಡ. ಅಮೆರಿಕದ ಉದಾಹರಣೆ ನೋಡಿ. ಅಲ್ಲಿ 1968ರ ಕಾನೂನಿನಿಂದ ಪೋಲೀಸರ ಕಾಲೇಜು ಓದಿಗೆ ಸರಕಾರದ ಹಣ ಹರಿಯಿತು. ಹಣ ಹರಿದಲ್ಲಿ ಕಾಲೇಜುಗಳು ಅಣಬೆಯಂತೆ ಎದ್ದವು. ಹತ್ತು ವರ್ಷದ ಮೇಲೆ, 1978ರಲ್ಲಿ, ಅಲ್ಲಿಯ ರಾಷ್ಟ್ರೀಯ ಸಲಹಾ ಆಯೋಗವೊಂದು ಈ ಓದಿನ ಗುಣಮಟ್ಟವನ್ನು ಕಟುವಾಗಿ ಟೀಕಿಸಿತು. ಠಾಣೆಯ ಕಸುಬನ್ನೇ ಮತ್ತೆ ತರಗತಿಯಲ್ಲಿ ಕಲಿಸುವುದಕ್ಕಿಂತ, ವಿಶಾಲವಾದ ವಿದ್ಯೆಯನ್ನು ಕೊಡಿ ಎಂಬುದು ಅದರ ಸಲಹೆಯಾಗಿತ್ತು.

ಮಿನೆಸೋಟ ಎಂಬ ರಾಜ್ಯದಲ್ಲಂತೂ ಪೋಲೀಸನಾಗಲು ಕನಿಷ್ಠ ಎರಡು ವರ್ಷದ ಕಾಲೇಜು ಓದು ಕಡ್ಡಾಯ. ಅದೇ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನ ಕತ್ತಿನ ಮೇಲೆ ಡೆರೆಕ್ ಶಾವಿನ್ ಎಂಬ ಪೋಲೀಸನು ಒಂಬತ್ತು ನಿಮಿಷಗಳಷ್ಟು ಕಾಲ ಮಂಡಿಯೂರಿ ಕೊಂದನು. ಆತ ಓದಿಲ್ಲದವನಲ್ಲ, ಕಾನೂನು ಜಾರಿ ವಿಷಯದಲ್ಲಿಯೇ ಪದವಿ ಪಡೆದವನು. ಪದವಿಯ ಕಾಗದ ಗೋಡೆಯ ಮೇಲಿತ್ತು. ಕೆಳಗಿದ್ದವನು ಉಸಿರಾಡಲಾಗುತ್ತಿಲ್ಲವೆಂದು ಹೇಳಿದ ಮಾತು ಕಿವಿಗೆ ಬೀಳಲಿಲ್ಲ. ಇದಕ್ಕೆ ಎದುರಾಗಿ ನಾರ್ವೆ ದೇಶವಿದೆ. ಅಲ್ಲಿ ಪೋಲೀಸನಾಗಬೇಕಾದವನು ಮೂರು ವರ್ಷ ಪೋಲೀಸ್ ಮಹಾವಿದ್ಯಾಲಯದಲ್ಲಿ ಕಾನೂನು, ನೀತಿ, ಸಮಾಜ ಇವನ್ನು ಓದಿ, ಠಾಣೆಯಲ್ಲಿ ಕಲಿತು ಹೊರಬರಬೇಕು. ಎರಡೂ ದೇಶದಲ್ಲಿ ಪದವಿ ಉಂಟು. ಆದುದರಿಂದ ಪದವಿ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಅದರ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಕೇಳಿ.

ಯಾವುದನ್ನು ಓದಬೇಕು?

ನಮ್ಮ ದೇಶದಲ್ಲಿ ಈ ವಿದ್ಯೆ ಹೊಸದಲ್ಲ. ಅಪರಾಧಶಾಸ್ತ್ರದ ವಿಭಾಗವನ್ನು 1959ರಷ್ಟು ಹಿಂದೆಯೇ ಸಾಗರ ವಿಶ್ವವಿದ್ಯಾಲಯ ತೆರೆಯಿತು. ನಮ್ಮ ಸಾಗರವಲ್ಲ, ಮಧ್ಯಪ್ರದೇಶದ ಸಾಗರ! ಇರಲಿ. ನಮ್ಮ ಹತ್ತಿರವೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಸ್ನಾತಕೋತ್ತರ ಓದುಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮಟ್ಟದಲ್ಲಿಯೇ ಅದನ್ನು ಕಲಿಸುತ್ತಾರೆ. ಸರಕಾರಿ ವಿಶ್ವವಿದ್ಯಾಲಯದ ಬಾಗಿಲನ್ನು ಮೊದಲು ತಟ್ಟಿ ನೋಡದೆ ಖಾಸಗಿಯವರ ಬಾಗಿಲಿಗೆ ಹೋಗಬೇಡಿ.

ನಮ್ಮ ಸಂಗಾತಿಯ ಮಗಳಂತೆ ಬಿ.ಎ. ಮಾಡಿದವರಿಗೆ ನಮ್ಮ ಮೊದಲ ಸಲಹೆ ಮೂರು ವರ್ಷದ ಕಾನೂನು ಪದವಿ. ಶಿವಮೊಗ್ಗೆಯಲ್ಲಿಯೇ ಕಾನೂನು ಕಾಲೇಜು ಇದೆ. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇಕಡಾ 45 ಅಂಕ ಬೇಕು. ಉಳಿದ ವರ್ಗದವರಿಗೆ ರಿಯಾಯಿತಿಯುಂಟು. ಈ ಓದು ಮುಗಿಸಿದವಳು ಸಬ್‌ಇನ್ಸ್‌ಪೆಕ್ಟರ್ ಪರೀಕ್ಷೆಯನ್ನೂ ಬರೆಯಬಹುದು. ಅದು ತಪ್ಪಿದರೆ ವಕೀಲಿ ಮಾಡಬಹುದು. ಮುಂದೆ ಸರಕಾರಿ ಅಭಿಯೋಜಕಿಯ ಹುದ್ದೆಗೆ, ನ್ಯಾಯಾಧೀಶೆಯ ಹುದ್ದೆಗೆ ಯತ್ನಿಸಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಬಡವರ ಕೇಸು ನಡೆಸಬಹುದು. ಒಂದು ಬಾಗಿಲು ಮುಚ್ಚಿದರೆ ಇನ್ನು ಮೂರು ಬಾಗಿಲು ತೆರೆದಿರುವ ಓದು ಬಡವರಿಗೆ ಸರಿಯಾದ ಓದು.

ಬಗರ್ ಹುಕುಂ ಸಾಗುವಳಿದಾರನು 2011ರ ಭೂಕಬಳಿಕೆ ನಿಷೇಧ ಕಾಯ್ದೆಯ ನೋಟೀಸು ಹಿಡಿದು ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಅಲೆದದ್ದನ್ನು ಮಲೆನಾಡಿನವರು ಕಂಡಿದ್ದೇವೆ. ಅಂಥವನ ಪಕ್ಕದಲ್ಲಿ ನಿಲ್ಲಲು ಊರಿನಲ್ಲಿ ಓದಿದ ಮಕ್ಕಳು ಎಷ್ಟಿದ್ದರೂ ಕಡಿಮೆಯೇ.

ಬಿ.ಎಸ್ಸಿ. ಮಾಡಿದವರ ದಾರಿ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೂ ಮಿಕ್ಕ ಶಿಕ್ಷೆಯ ಅಪರಾಧಗಳಲ್ಲಿ ನ್ಯಾಯವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ಹೇಳುತ್ತದೆ. ಅದಕ್ಕೆ ಜನ ಬೇಕು. ರಸಾಯನ, ಭೌತ, ಜೀವವಿಜ್ಞಾನ ಬಲ್ಲ ಜನ. ನ್ಯಾಯವಿಜ್ಞಾನವನ್ನು ಓದುವುದರಲ್ಲಿ ನಮಗೆ ಇನ್ನೊಂದು ಸಂತೋಷವಿದೆ. ಬೆರಳಚ್ಚು, ರಕ್ತದ ಕಲೆ ಮಾತಾಡಿದಷ್ಟೂ ಠಾಣೆಯ ಹಿಂದಿನ ಕೋಣೆಯಲ್ಲಿ ಲಾಠಿ ಮಾತಾಡುವುದು ಕಡಿಮೆಯಾಗಬೇಕು. ಆದರೆ ವಿಜ್ಞಾನ ಓದದ ಬಿ.ಎ. ಪದವೀಧರರಿಗೆ ಪ್ರಯೋಗಾಲಯದ ನೌಕರಿಯ ಆಸೆ ತೋರಿಸಿ ಸೀಟು ಮಾರುವವರನ್ನು ಕಂಡರೆ ದೂರವಿರಿ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಓದುಂಟು. ತಪ್ಪು ಮಾಡಿದ ಮಕ್ಕಳು, ಪೆಟ್ಟು ತಿಂದ ಹೆಂಗಸರು, ಜೈಲಿನಿಂದ ಹೊರಬಂದವರು ಇವರ ನಡುವೆ ಕೆಲಸ ಮಾಡುವ ಮನಸ್ಸಿದ್ದವರಿಗೆ ಅದು ಖಾಕಿಯಿಲ್ಲದ ರಕ್ಷಣೆಯ ಕೆಲಸ.

ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ವಿಚಾರವನ್ನೂ ಪೂರ್ವಗ್ರಹವಿಲ್ಲದೆ ನೋಡೋಣ. ಅದು 2020ರ ಕೇಂದ್ರ ಕಾಯ್ದೆಯಿಂದ ಸ್ಥಾಪಿತವಾದದ್ದು, ಗುಜರಾತಿನ ಗಾಂಧಿನಗರದ ಬಳಿ ಮುಖ್ಯ ಕೇಂದ್ರವುಳ್ಳದ್ದು, ಕೇಂದ್ರ ಗೃಹ ಮಂತ್ರಾಲಯದ ಅಧೀನದಲ್ಲಿರುವಂಥದು. ಮಾನ್ಯತೆಯ ಬಗ್ಗೆ ಸಂಶಯವಿಲ್ಲ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಅಂಥ ಸಂಸ್ಥೆ ಬಂದಿರುವುದು ಬಡ ಮಕ್ಕಳಿಗೆ ಅನುಕೂಲವೇ. ಆದರೆ ಪೋಲೀಸರನ್ನು ಆಳುವ ಮಂತ್ರಾಲಯವೇ ಪೋಲೀಸ್ ವಿದ್ಯೆಯ ಯಜಮಾನನೂ ಆದಾಗ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: ಅಲ್ಲಿ ಪೋಲೀಸರ ತಪ್ಪನ್ನು ಕುರಿತು ಪಾಠವಿದೆಯೇ?

ಈ ಪ್ರಶ್ನೆಯನ್ನು ಎಲ್ಲ ಸಂಸ್ಥೆಗೂ ಕೇಳಿ. ಬಂಧಿಸುವಾಗ ಏನೇನು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಹೇಳಿತು: ಬಂಧನದ ಕಾಗದ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿಯೇ ಹೇಳುತ್ತದೆ. ಪೋಲೀಸರನ್ನು ರಾಜಕಾರಣಿಗಳ ಹಿಡಿತದಿಂದ ಬಿಡಿಸಲು 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಏಳು ಆದೇಶಗಳು ಬಂದವು. ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆ 1989ರದು. ಪಠ್ಯಪಟ್ಟಿಯನ್ನು ತರಿಸಿ ಇವೆಲ್ಲ ಅದರಲ್ಲಿವೆಯೇ ಎಂದು ನೋಡಿ. ಬಂದೂಕು, ಕವಾಯತು, ಕಂಪ್ಯೂಟರು ಇವಿಷ್ಟೇ ಇದ್ದು ಇವು ಇಲ್ಲದಿದ್ದರೆ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಏಜಂಟನಿಗೇ ಹಿಂತಿರುಗಿಸಿ.

ಸುರಕ್ಷತೆ ಎಂದರೆ ಲಾಠಿಯೊಂದೇ ಅಲ್ಲ

‘ಸಾರ್ವಜನಿಕ ಸುರಕ್ಷತೆ’ ಎಂಬ ಮಾತು ಈ ಕಾಗದಗಳಲ್ಲಿ ಬಹಳ. ನಮ್ಮ ಸೀಮೆಯಲ್ಲಿ ಜನ ಯಾವುದಕ್ಕೆ ಹೆದರುತ್ತಾರೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನ ಕಾಯಿಲೆ, ಅರವತ್ತು ವರ್ಷ ದಾಟಿದ ಮೇಲೆ, 2018-19ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವು ತಂದಿತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗೆಯ ಪಕ್ಕದ ಹುಣಸೋಡಿನ ಕಲ್ಲುಗಣಿಯ ಬಳಿ ಸ್ಫೋಟಕ ಸಿಡಿದು ಜನರು ಪ್ರಾಣ ಕಳೆದುಕೊಂಡರು. ಆ ಸದ್ದು ದೂರದೂರಕ್ಕೆ ಕೇಳಿ ಜನ ಭೂಕಂಪವೆಂದು ಬೀದಿಗೆ ಓಡಿದರು. ಇಲ್ಲಿ ಬೇಕಾದದ್ದು ಲಾಠಿಯಲ್ಲ. ಸ್ಫೋಟಕದ ಲೆಕ್ಕ ಇಡುವ ಅಧಿಕಾರಿ, ಮಿಲ್ಲಿನ ಯಂತ್ರಕ್ಕೆ ಕಾವಲು ಹಾಕಿಸುವ ಇನ್ಸ್‌ಪೆಕ್ಟರು, ಬೆಂಕಿ ಆರಿಸುವವನು, ಉಣ್ಣೆ ಕಚ್ಚಿದವನ ರಕ್ತ ಪರೀಕ್ಷಿಸುವವಳು. ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ಇದೆ. ವಿಜ್ಞಾನ ಓದಿದ ಮಕ್ಕಳು ಅತ್ತಲೂ ಕಣ್ಣು ಹಾಯಿಸಲಿ. ಬೆಲ್ಟಿಗೆ ಕೈ ಸಿಕ್ಕಿದ ಮಿಲ್ಲು ಕೆಲಸಗಾರನಿಗೆ ಸುರಕ್ಷತೆಯ ಅರ್ಥ ಯಾವ ಪ್ರೊಫೆಸರರಿಗಿಂತಲೂ ಚೆನ್ನಾಗಿ ಗೊತ್ತು.

ಖಾಕಿಯೊಳಗಿನ ಕಾರ್ಮಿಕ

ಕೊನೆಯದಾಗಿ ಇನ್ನೊಂದು ಮಾತು. ಮಗಳು ಎಸ್ಸೈ ಆದಳು, ಮಗ ಪೇದೆಯಾದ ಎಂದೇ ಇಟ್ಟುಕೊಳ್ಳಿ. ಅವರು ಎಂಥ ಕೆಲಸಕ್ಕೆ ಸೇರುತ್ತಾರೆಂಬುದು ಗೊತ್ತಿರಲಿ. ಕಾರ್ಖಾನೆಯ ಕೆಲಸಗಾರನಿಗೆ 1948ರ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಠಾಣೆಯ ಕೆಲಸಗಾರನ ಸ್ಥಿತಿಯೇನು? ಪೋಲೀಸ್ ಸಂಶೋಧನಾ ಬ್ಯೂರೋ ಮಾಡಿಸಿದ 2014ರ ಅಧ್ಯಯನದಲ್ಲಿ, ಠಾಣೆಯ ಸಿಬ್ಬಂದಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ದಿನಕ್ಕೆ 8 ಗಂಟೆಗೂ ಹೆಚ್ಚು ದುಡಿಯುತ್ತಾರೆಂದು ಕಂಡುಬಂದಿತು. ಮಿಲ್ಲಿನವನು ಸಂಘ ಕಟ್ಟಬಹುದು, ಮುಷ್ಕರ ಹೂಡಬಹುದು. 1966ರ ಕೇಂದ್ರ ಕಾಯ್ದೆಯು ಪೋಲೀಸನಿಗೆ ಅಪ್ಪಣೆಯಿಲ್ಲದೆ ಕಾರ್ಮಿಕ ಸಂಘ ಸೇರದಂತೆ ಕೈ ಕಟ್ಟಿದೆ. 2016ರ ಜೂನ್ 4ರಂದು ಕರ್ನಾಟಕದ ಪೇದೆಗಳು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳಗಳ ವಿಷಯವಾಗಿ ಸಾಮೂಹಿಕ ರಜೆ ಹಾಕುವೆವೆಂದು ಹೊರಟಾಗ ಮುಂದಾಳನ್ನು ಬಂಧಿಸಿ ಅದನ್ನು ಅಡಗಿಸಲಾಯಿತು.

ಹದಿನಾರು ಗಂಟೆ ದುಡಿಸಿ, ರಜೆ ಕೊಡದೆ, ಮೇಲಿನವನಿಂದ ಬೈಸಿಕೊಂಡವನು ಆ ಬೈಗುಳವನ್ನು ಇಳಿಸುವುದು ಯಾರ ಮೇಲೆ? ತನಗಿಂತ ಕೆಳಗಿರುವ ತಳ್ಳುಗಾಡಿಯವನ ಮೇಲೆ. ಆದುದರಿಂದ ಪೇದೆಯ ಎಂಟು ಗಂಟೆಯ ದಿನಕ್ಕಾಗಿ ಮಿಲ್ಲು ಕಾರ್ಮಿಕರ ಸಂಘ ದನಿಯೆತ್ತಿದರೆ ಅದು ಪರೋಪಕಾರವಲ್ಲ. ನಮ್ಮ ಬೀದಿಯ ನೆಮ್ಮದಿಗೆ ನಾವೇ ಮಾಡಿಕೊಳ್ಳುವ ಕೆಲಸ. ನಮ್ಮ ಮೇಲೆ ಲಾಠಿ ಬೀಸಿದವನ ಪರವಾಗಿ ನಾವೇಕೆ ಮಾತಾಡಬೇಕೆಂದು ಕೆಲವರು ಕೇಳಬಹುದು. ಅವನೂ ನಮ್ಮ ಮನೆಯ ಮಗ. ನಾಳೆ ನಮ್ಮ ಮಗಳೂ ಅಲ್ಲಿರುತ್ತಾಳೆ.

ಅಕ್ಕಿಮಿಲ್ಲಿನ ಸಂಗಾತಿಗೆ ಇಷ್ಟನ್ನೆಲ್ಲ ಒಂದೇ ಉಸಿರಿಗೆ ಹೇಳಲಾಗಲಿಲ್ಲ. ಮಗಳನ್ನೂ ಕರೆತನ್ನಿ ಎಂದೆವು. ಮಾರನೆಯ ದಿನ ಆಕೆ ಬಂದಳು. ಕಾಗದವನ್ನು ಓದಿ ಆಗಿತ್ತು. “ಎಸ್ಸೈ ಪರೀಕ್ಷೆಗೆ ಇದು ಬೇಕಿಲ್ಲ ಅಂತ ನನಗೆ ಗೊತ್ತಿತ್ತು. ಅಪ್ಪಯ್ಯ ಅಷ್ಟು ಆಸೆಪಟ್ಟಿದ್ದಕ್ಕೆ ಹೇಳಲಿಲ್ಲ. ಲಾ ಓದಲು ಮೂರು ವರ್ಷ ಬೇಕು, ಅಷ್ಟು ದಿನ ಮನೆ ನಡೆಯಬೇಕಲ್ಲ?” ಎಂದಳು.

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಬರೆಸುವುದಕ್ಕೆ, ಹಾಸ್ಟೆಲಿನ ಬಾಗಿಲು ತಟ್ಟುವುದಕ್ಕೆ ಕಚೇರಿಯ ಗೆಳೆಯರು ಜೊತೆಗೆ ಹೋಗುತ್ತಾರೆ. ಸರ ಸದ್ಯಕ್ಕೆ ತಾಯಿಯ ಕೊರಳಲ್ಲೇ ಇದೆ. ಆದರೆ ಹಮಾಲಿಯ ಮಗಳು ನ್ಯಾಯವನ್ನು ಓದಬೇಕಾದರೆ ಮನೆ ಮೂರು ವರ್ಷ ಉಪವಾಸ ಬೀಳಬೇಕೆಂಬ ಸ್ಥಿತಿ ಇರುವವರೆಗೂ ಠಾಣೆಯಲ್ಲಿ, ನ್ಯಾಯಾಲಯದಲ್ಲಿ ಯಾರು ಕುಳಿತಿರುತ್ತಾರೆ, ಯಾರು ಹೊರಗೆ ಕೈಕಟ್ಟಿ ನಿಂತಿರುತ್ತಾರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೂರು ತಾಲ್ಲೂಕಿನ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಸೇರಿ ವರ್ಷಕ್ಕೆ ಐದಾರು ಮಕ್ಕಳ ಕಾನೂನು ಓದಿನ ಹೊರೆ ಹೊರಲಾರವೇ? ಗಣಪತಿ ಹಬ್ಬಕ್ಕೆ ಚಂದಾ ಎತ್ತುವ ಊರುಗಳು ನಮ್ಮವು. ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಿ ಎಂದು ಎಲ್ಲ ಸಂಘಗಳ ಕಾರ್ಯದರ್ಶಿಗಳನ್ನೂ ಕೇಳಿಕೊಳ್ಳುತ್ತೇವೆ.